ಹಳೇ ಗಾರ್ಡನ್ ಟ್ರ್ಯಾಕ್ಟರ್‌ನ ಗೇರ್ ಬಾಕ್ಸಿಗೆ ಯಾವ ಆಯಿಲ್ ಹಾಕಬೇಕು?

[ದೃಶ್ಯ: ಹಿಂದಿನ ಎರಡು ಚಕ್ರಗಳ ನಡುವೆ ಜಿಡ್ಡು, ಧೂಳು ಹಿಡಿದ ಬೀಡುಕಬ್ಬಿಣದ ಗೇರ್ ಬಾಕ್ಸ್. ಕ್ಯಾಮೆರಾ ನಿಧಾನವಾಗಿ ಡ್ರೈನ್ ಬೋಲ್ಟ್ ಹತ್ತಿರ ಹೋಗುತ್ತದೆ.]

ನಮಸ್ಕಾರ. ಇವತ್ತು ಅಮೆರಿಕದ ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗಳ ವಿಷಯ. ವೀಲ್ ಹಾರ್ಸ್, ಕಬ್ ಕೆಡೆಟ್, ಜಾನ್ ಡಿಯರ್, ಕೇಸ್. 1960, 70ರ ದಶಕದಲ್ಲಿ ಹುಲ್ಲು ಕತ್ತರಿಸಲು, ಹಿಮ ತಳ್ಳಲು, ಸಣ್ಣ ತೋಟ ಉಳಲು ಮಾಡಿದ ಪುಟ್ಟ ಗಾಡಿಗಳು. ಇವುಗಳಲ್ಲಿ ಎಷ್ಟೋ ಇನ್ನೂ ಓಡುತ್ತಿವೆ.

ಇಂಜಿನ್ ಆಯಿಲ್ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಜಗಳ ಶುರುವಾಗುವುದು ಹಿಂದಿನ ಗೇರ್ ಬಾಕ್ಸ್ ವಿಷಯ ಬಂದಾಗ. ಒಬ್ಬರು 90 ನಂಬರ್ ಗೇರ್ ಆಯಿಲ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಆಟೋಮ್ಯಾಟಿಕ್ ಕಾರಿಗೆ ಹಾಕುವ ಕೆಂಪು ಎಟಿಎಫ್ ಹಾಕಿ ಅನ್ನುತ್ತಾರೆ. ಮೂರನೆಯವರು ಇಂಜಿನ್ ಆಯಿಲ್ಲೇ ಸಾಕು ಅನ್ನುತ್ತಾರೆ. ತಮಾಷೆ ಏನೆಂದರೆ ಮೂವರೂ ಸರಿಯೇ, ಅವರವರ ಟ್ರ್ಯಾಕ್ಟರಿನ ಮಟ್ಟಿಗೆ.

ಬಾನೆಟ್ ಮೇಲಿನ ಹೆಸರು ನೋಡಿ ಆಯಿಲ್ ತರಬೇಡಿ. ಸೀಟಿನ ಕೆಳಗೆ ಯಾವ ಬಾಕ್ಸ್ ಕೂತಿದೆ ನೋಡಿ. ವೀಲ್ ಹಾರ್ಸನ್ನೇ ತೆಗೆದುಕೊಳ್ಳಿ. ಮಾಮೂಲಿ ಗೇರ್ ಇರುವ ಮಾಡೆಲ್‌ಗೆ 90 ನಂಬರ್ ಗೇರ್ ಆಯಿಲ್. ಹಳೇ ಸಂಡ್‌ಸ್ಟ್ರ್ಯಾಂಡ್ ಕಂಪನಿಯ ಹೈಡ್ರೋಸ್ಟ್ಯಾಟಿಕ್, ಅಂದರೆ ಎಣ್ಣೆಯ ಒತ್ತಡದಿಂದ ಓಡುವ ಬಾಕ್ಸ್, ಕೂರಿಸಿದ ಮಾಡೆಲ್‌ಗೆ ಎಟಿಎಫ್. ಆಮೇಲೆ ಬಂದ ಈಟನ್ 1100 ಅನ್ನುವ ಹೈಡ್ರೋಸ್ಟ್ಯಾಟಿಕ್ ಇದ್ದರೆ 10ಡಬ್ಲ್ಯು-30 ಅಥವಾ 10ಡಬ್ಲ್ಯು-40 ಇಂಜಿನ್ ಆಯಿಲ್. ಹೊರಗಿನ ಬಣ್ಣ ಒಂದೇ, ಹೆಸರೂ ಒಂದೇ, ಒಳಗೆ ಬೇಕಾದ ಎಣ್ಣೆ ಮಾತ್ರ ಮೂರು ಥರ.

[ದೃಶ್ಯ: ವೈರ್ ಬ್ರಷ್‌ನಿಂದ ಬಾಕ್ಸಿನ ಮೇಲ್ಭಾಗ ಉಜ್ಜುವುದು. ಜಿಡ್ಡಿನ ಕೆಳಗಿಂದ ತಗಡಿನ ಪಟ್ಟಿ, ಅದರ ಮೇಲೆ ಅಚ್ಚೊತ್ತಿದ ನಂಬರ್.]

ಗುರುತಿಸುವುದು ಕಷ್ಟವಲ್ಲ. ಕ್ಲಚ್ ಪೆಡಲ್ ಇದ್ದು, ಗೇರ್ ಕಡ್ಡಿಯನ್ನು ಒಂದು, ಎರಡು, ಮೂರು ಅಂತ ಹಾಕಬೇಕಿದ್ದರೆ ಅದು ಹಲ್ಲುಗಾಲಿಯ ಬಾಕ್ಸ್. ಒಂದೇ ಲಿವರನ್ನು ಮುಂದೆ ತಳ್ಳಿದಷ್ಟೂ ವೇಗ ಜಾಸ್ತಿಯಾಗಿ, ಹಿಂದಕ್ಕೆ ಎಳೆದರೆ ರಿವರ್ಸ್ ಹೋಗುವ ಹಾಗಿದ್ದರೆ ಹೆಚ್ಚು ಕಡಿಮೆ ಅದು ಹೈಡ್ರೋಸ್ಟ್ಯಾಟಿಕ್, ಚಿಕ್ಕದಾಗಿ ಹೈಡ್ರೋ. ಆಮೇಲೆ ಬಾಕ್ಸ್ ಮೈಮೇಲಿನ ಜಿಡ್ಡು ಉಜ್ಜಿ. ತಯಾರಕರ ಹೆಸರು, ಮಾಡೆಲ್ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ನಂಬರಿನ ಮ್ಯಾನ್ಯುಯಲ್ ಹುಡುಕಿ. ಟ್ರ್ಯಾಕ್ಟರ್ ಮ್ಯಾನ್ಯುಯಲ್ ಸಿಗದಿದ್ದರೂ ಬಾಕ್ಸಿನದ್ದು ಸಿಗುವುದುಂಟು.

ಮೊದಲು ಹಲ್ಲುಗಾಲಿಯ ಬಾಕ್ಸ್. ಹಲ್ಲಿಗೆ ಹಲ್ಲು ಒತ್ತುವ ಜಾಗದಲ್ಲಿ ಎಣ್ಣೆಯ ಪದರ ತುಂಡಾಗಬಾರದು, ಅದಕ್ಕೇ ದಪ್ಪ ಎಣ್ಣೆ. ಆದರೆ ಎಣ್ಣೆ ಎಷ್ಟು ದಪ್ಪ ಅನ್ನುವುದರಲ್ಲಿ ಒಂದು ದೊಡ್ಡ ಗೊಂದಲ ಇದೆ. 90 ಅಂದ ತಕ್ಷಣ 40 ನಂಬರ್ ಇಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಗಟ್ಟಿ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಇಂಜಿನ್ ಆಯಿಲ್ ನಂಬರ್‌ಗೆ ಒಂದು ಅಳತೆಗೋಲು, ಗೇರ್ ಆಯಿಲ್ ನಂಬರ್‌ಗೆ ಇನ್ನೊಂದು.

[ಪರದೆ ಮೇಲೆ: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ದಪ್ಪ, ಸೆಂಟಿಸ್ಟೋಕ್ಸ್ ಅನ್ನುವ ಅಳತೆಯಲ್ಲಿ. ಇಂಜಿನ್ ಆಯಿಲ್ 40: 12.5ರಿಂದ 16.3 ಸೆಂಟಿಸ್ಟೋಕ್ಸ್. ಗೇರ್ ಆಯಿಲ್ 90: 13.5ರಿಂದ 18.5 ಸೆಂಟಿಸ್ಟೋಕ್ಸ್.]

ನೋಡಿ, ಬಿಸಿಯಾದಾಗ 90ರ ಗೇರ್ ಆಯಿಲ್, 40 ಅಥವಾ 50ರ ಇಂಜಿನ್ ಆಯಿಲ್ ಹತ್ತಿರಹತ್ತಿರ ಒಂದೇ ದಪ್ಪ. ವ್ಯತ್ಯಾಸ ಇರುವುದು ಅದರಲ್ಲಿ ಬೆರೆಸಿದ ರಾಸಾಯನಿಕದಲ್ಲಿ. ಗೇರ್ ಆಯಿಲ್ ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಕೆಟ್ಟ ವಾಸನೆ ಬರುತ್ತದಲ್ಲ, ಅದು ಗಂಧಕದ್ದು. ಗಂಧಕ ಮತ್ತು ರಂಜಕದ ಸಂಯುಕ್ತಗಳು ಒತ್ತಡ ಬಿದ್ದಲ್ಲಿ ಉಕ್ಕಿನ ಮೇಲೆ ಒಂದು ತೆಳು ಪದರ ಕಟ್ಟಿ ಹಲ್ಲು ಸವೆಯದಂತೆ ತಡೆಯುತ್ತವೆ.

ಉಕ್ಕಿಗೆ ಒಳ್ಳೆಯದು. ಹಿತ್ತಾಳೆ, ಕಂಚಿಗೆ ಅಷ್ಟು ಒಳ್ಳೆಯದಲ್ಲ. ಹಳೇ ಬಾಕ್ಸ್‌ಗಳಲ್ಲಿ ಕಂಚಿನ ಬುಷ್, ವಾಷರ್ ಇರುವುದು ಮಾಮೂಲು. ಡಬ್ಬದ ಮೇಲೆ ಜಿಎಲ್-5 ಅಂತ ಇದ್ದರೆ ಈ ರಾಸಾಯನಿಕ ಜಾಸ್ತಿ. ಜಿಎಲ್-4 ಅಂದರೆ ಸುಮಾರು ಅದರ ಅರ್ಧ. ಈಗಿನ ಎಷ್ಟೋ ಜಿಎಲ್-5 ಎಣ್ಣೆಗಳು ತಾಮ್ರದ ಪಟ್ಟಿಯ ತುಕ್ಕು ಪರೀಕ್ಷೆ ಪಾಸಾಗಿಯೇ ಬರುತ್ತವೆ, ಸುಮ್ನೆ ಹೆದರಬೇಕಿಲ್ಲ. ಮ್ಯಾನ್ಯುಯಲ್ ಜಿಎಲ್-5 ಕೇಳಿದರೆ ಅದನ್ನೇ ಹಾಕಿ. ಏನೂ ಹೇಳದಿದ್ದು, ಒಳಗೆ ಕಂಚು ಇದೆ ಅನ್ನುವುದು ಗೊತ್ತಿದ್ದರೆ ನಾನು ಜಿಎಲ್-4 ಕಡೆಗೇ ವಾಲುತ್ತೇನೆ.

ಇಲ್ಲೇ ಒಂದು ಕಿವಿಮಾತು. ಹಳೇ ಗಾಡಿ ಕೊಳ್ಳುವಾಗ ಗೇರ್ ಬಾಕ್ಸ್ ಅನುಮಾನ ಬರುವಷ್ಟು ಸದ್ದಿಲ್ಲದೆ ಓಡಿದರೆ ಬೆರಳಿಗೆ ಸ್ವಲ್ಪ ಎಣ್ಣೆ ತಾಗಿಸಿ ನೋಡಿ. 140 ನಂಬರಿನ ತೀರಾ ದಪ್ಪ ಎಣ್ಣೆ ತುಂಬಿ ಸವೆದ ಬೇರಿಂಗ್ ಸದ್ದು ಮುಚ್ಚುವ ಮಾರಾಟಗಾರರು ಎಲ್ಲಾ ಕಡೆ ಇದ್ದಾರೆ.

ಇನ್ನೊಂದು ಗುಂಪು ಇದೆ: ಟೆಕಂಸೆ ಕಂಪನಿಯ ಪೀರ್‌ಲೆಸ್ ಬಾಕ್ಸ್‌ಗಳು. ಇವುಗಳಲ್ಲಿ ಎಷ್ಟೋ ಮಾಡೆಲ್‌ಗೆ ಎಣ್ಣೆಯೇ ಇಲ್ಲ, ಬೆಂಟೊನೈಟ್ ಗ್ರೀಸ್ ತುಂಬಿರುತ್ತಾರೆ. 2300 ಥರದ ದೊಡ್ಡ ಮಾಡೆಲ್‌ಗೆ 80ಡಬ್ಲ್ಯು-90 ಗೇರ್ ಆಯಿಲ್. ಗ್ರೀಸ್ ಬಾಕ್ಸಿಗೆ ಎಣ್ಣೆ ಸುರಿದರೆ ಏನಾಗುತ್ತದೆ? ಅದರ ಸೀಲ್‌ಗಳನ್ನು ತೆಳು ಎಣ್ಣೆ ತಡೆಯಲು ಮಾಡಿಲ್ಲ. ನೀವು ಹಾಕಿದ್ದು ನಿಧಾನವಾಗಿ ಆಕ್ಸಲ್ ಕಡೆಯಿಂದ ಇಳಿದು ಶೆಡ್ ನೆಲ ಸೇರುತ್ತದೆ. ಡ್ರೈನ್ ಬೋಲ್ಟ್ ಕಾಣಿಸಲಿಲ್ಲ ಅಂದರೆ ಮೊದಲು ಈ ಅನುಮಾನ ಬರಬೇಕು.

[ದೃಶ್ಯ: ಬಿಚ್ಚಿದ ಹೈಡ್ರೋಸ್ಟ್ಯಾಟಿಕ್ ಪಂಪ್. ಸಣ್ಣ ಪಿಸ್ಟನ್‌ಗಳು ತಮ್ಮ ರಂಧ್ರಗಳಲ್ಲಿ ಜಾರುತ್ತಿವೆ.]

ಈಗ ಹೈಡ್ರೋ. ಇಲ್ಲಿ ಎಣ್ಣೆ ಬರೀ ಜಾರಿಸುವುದಿಲ್ಲ, ಗಾಡಿಯನ್ನು ತಳ್ಳುವುದೇ ಅದು. ಪಂಪ್ ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆ ಮೋಟಾರ್ ತಿರುಗಿಸುತ್ತದೆ. ಪಿಸ್ಟನ್‌ಗೂ ರಂಧ್ರಕ್ಕೂ ನಡುವೆ ಇರುವ ಸಂದು ತೀರಾ ಕಡಿಮೆ. ದಪ್ಪ ಎಣ್ಣೆ ಹಾಕಿದರೆ ಚಳಿಯಲ್ಲಿ ಪಂಪ್‌ಗೆ ಎಳೆಯಲು ಆಗದೆ ಅದು ಕೀರಲು ದನಿ ತೆಗೆಯುತ್ತದೆ. ತೀರಾ ತೆಳುವಾದರೆ ಬಿಸಿಯಾದ ಮೇಲೆ ಒಳಗೊಳಗೇ ಸೋರಿ, ಏರಿನಲ್ಲಿ ಗಾಡಿ ಸುಸ್ತಾಗುತ್ತದೆ.

ಎಟಿಎಫ್ ಕೇಳುವ ಹೈಡ್ರೋಗಳಲ್ಲಿ ಟೈಪ್ ಎಫ್ ಹಾಕಬೇಕೋ ಡೆಕ್ಸ್‌ರಾನ್ ಹಾಕಬೇಕೋ ಅಂತ ವಾದ ಮುಗಿಯುವುದೇ ಇಲ್ಲ. ಜಾನ್ ಡಿಯರ್ 140 ಥರದವು ಟೈಪ್ ಎಫ್ ಕೇಳುತ್ತವೆ. ಇವೆರಡರ ಮುಖ್ಯ ವ್ಯತ್ಯಾಸ ಕ್ಲಚ್ ಪ್ಲೇಟ್ ಹಿಡಿಯುವ ರೀತಿಯಲ್ಲಿ. ಟೈಪ್ ಎಫ್‌ನಲ್ಲಿ ಹಿಡಿತ ಮೃದು ಮಾಡುವ ರಾಸಾಯನಿಕ ಇಲ್ಲ, ಡೆಕ್ಸ್‌ರಾನ್‌ನಲ್ಲಿ ಇದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟೇ ಇಲ್ಲದ ಬಾಕ್ಸ್‌ನಲ್ಲಿ ಈ ವ್ಯತ್ಯಾಸಕ್ಕೆ ಅಷ್ಟೇನೂ ಬೆಲೆ ಇಲ್ಲ. ಅಲ್ಲಿ ನೋಡಬೇಕಾದ್ದು ದಪ್ಪ. ಹಳೇ ಡೆಕ್ಸ್‌ರಾನ್ 3, 100 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್ಸ್ ಇರುತ್ತಿತ್ತು. 2005ರಲ್ಲಿ ಬಂದ ಡೆಕ್ಸ್‌ರಾನ್ 6 ಅದಕ್ಕಿಂತ ತೆಳು. ಹೊಸ ಕಾರಿಗೆ ಅದೇ ಲಾಭ. ಐವತ್ತು ವರ್ಷ ಸವೆದ ಪಂಪ್‌ಗೆ ಅದು ಬೇಡ.

ಹಳೇ ಮ್ಯಾನ್ಯುಯಲ್‌ನಲ್ಲಿ ಬರೆದ ಎಣ್ಣೆ ಈಗ ಸಿಗದಿರಲು ಒಂದು ವಿಚಿತ್ರ ಕಾರಣವೂ ಇದೆ. 1970ರ ದಶಕದ ಶುರುವಿನವರೆಗೆ ಎಟಿಎಫ್‌ಗೆ, ಕೆಲವು ಟ್ರ್ಯಾಕ್ಟರ್ ಎಣ್ಣೆಗಳಿಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ಅಮೆರಿಕದಲ್ಲಿ ಅದಕ್ಕೆ ಕಾನೂನು ತಡೆ ಬಿದ್ದ ಮೇಲೆ ಎಲ್ಲರೂ ಬೇರೆ ಪಾಕ ಹುಡುಕಬೇಕಾಯಿತು. ಟ್ರ್ಯಾಕ್ಟರ್ ಎಣ್ಣೆಗೆ ಜಾನ್ ಡಿಯರ್ ಇಟ್ಟಿದ್ದ 303 ಅನ್ನುವ ಹಳೇ ಮಾನದಂಡವೂ ಆ ದಶಕದಲ್ಲೇ ಮೂಲೆ ಸೇರಿತು.

ಆದರೂ 303 ಅಂತ ಬರೆದ ಅಗ್ಗದ ಹಳದಿ ಬಕೆಟ್‌ಗಳು ಅಮೆರಿಕದ ಅಂಗಡಿಗಳಲ್ಲಿ ದಶಕಗಳ ಕಾಲ ಮಾರಾಟವಾದವು. ಜೊತೆಗೆ ಎಲ್ಲಾ ಟ್ರ್ಯಾಕ್ಟರಿಗೂ ಆಗುತ್ತದೆ ಅನ್ನುವ ಪ್ರಚಾರ. ಮಾನದಂಡವೇ ಇಲ್ಲದ ಮೇಲೆ ಒಳಗೆ ಏನಿದ್ದರೂ ಕೇಳುವವರಿಲ್ಲ. 2017ರಲ್ಲಿ ಮಿಸ್ಸೌರಿ ರಾಜ್ಯ ಅದರ ಮಾರಾಟ ನಿಲ್ಲಿಸಿತು, ಕೋರ್ಟ್ ಕೇಸುಗಳೂ ನಡೆದವು. ಬಕೆಟ್ ಮೇಲೆ 303 ಮಾತ್ರ ಇದ್ದು ಜೆ20ಸಿ ಥರದ ಜೀವಂತ ಮಾನದಂಡ ಯಾವುದೂ ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕಬ್ ಕೆಡೆಟ್ ಇದ್ದವರಿಗೆ ವಿಷಯ ಸುಲಭ. 1961ರಲ್ಲಿ ಇದನ್ನು ತಂದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ ದೊಡ್ಡ ಟ್ರ್ಯಾಕ್ಟರ್‌ಗಳ ಹೈ-ಟ್ರಾನ್ ಎಣ್ಣೆಯನ್ನೇ ಇದಕ್ಕೂ ಕೊಟ್ಟಿತು. ಗೇರ್ ಇರಲಿ, ಹೈಡ್ರೋ ಇರಲಿ, ಅದೇ. ಸ್ವಲ್ಪ ದುಬಾರಿ, ಆದರೂ ಇದೊಂದರಲ್ಲಿ ನಾನು ಉಳಿತಾಯ ನೋಡುವುದಿಲ್ಲ. ಕಾರಣ ನೀರು.

[ದೃಶ್ಯ: ಎರಡು ಗಾಜಿನ ಬಾಟಲಿ. ಒಂದರಲ್ಲಿ ಮೇಲೆ ಎಣ್ಣೆ, ತಳದಲ್ಲಿ ನೀರು. ಇನ್ನೊಂದರಲ್ಲಿ ಎಣ್ಣೆ ಪೂರ್ತಿ ಬೆಳ್ಳಗೆ ಮಸುಕಾಗಿದೆ.]

ಬಾಕ್ಸ್ ಬಿಸಿಯಾಗಿ ತಣ್ಣಗಾಗುವಾಗ ಒಳಗಿನ ಗಾಳಿಯ ತೇವ ನೀರಾಗುತ್ತದೆ. ಗೇರ್ ಕಡ್ಡಿಯ ರಬ್ಬರ್ ಹರಿದಿದ್ದರೆ ಮಳೆ ನೀರೂ ಇಳಿಯುತ್ತದೆ. ಬೇರೆ ಎಣ್ಣೆಯಲ್ಲಿ ನೀರು ತಳಕ್ಕೆ ಕೂತು ತುಕ್ಕು ಹಿಡಿಸುತ್ತದೆ, ಚಳಿ ದೇಶದಲ್ಲಿ ಹೆಪ್ಪುಗಟ್ಟಿ ಪಂಪಿನ ದಾರಿ ಕಟ್ಟುತ್ತದೆ. ಹೈ-ಟ್ರಾನ್ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಂಡು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಎಣ್ಣೆ ಕೆಟ್ಟದ್ದು ಅಂತ ಬೈಯಬೇಡಿ. ಅದು ತನ್ನ ಕೆಲಸ ಮಾಡಿದೆ. ಬದಲಾಯಿಸಿ.

ಕೇಸ್, ಆಮೇಲೆ ಇಂಗರ್‌ಸಾಲ್ ಹೆಸರಲ್ಲಿ ಬಂದ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಹೈಡ್ರಾಲಿಕ್ ಪಂಪ್ ಮುಂದೆ, ಮೋಟಾರ್ ಹಿಂದೆ, ನಡುವೆ ಪೈಪು. ಆ ಹೈಡ್ರಾಲಿಕ್‌ಗೆ ಜನ ಹಾಕುವುದು 20ಡಬ್ಲ್ಯು-50 ಥರದ ಇಂಜಿನ್ ಆಯಿಲ್. ಹಿಂದಿನ ಗೇರ್‌ಗಳಿಗೆ ಬೇರೆಯೇ ಎಣ್ಣೆ. ಎರಡು ಕಡೆ ತುಂಬಬೇಕು ಅನ್ನುವುದು ನೆನಪಿರಲಿ.

[ದೃಶ್ಯ: ಟ್ರೇಗೆ ಇಳಿಯುತ್ತಿರುವ ಹಳೇ ಎಣ್ಣೆ. ಡ್ರೈನ್ ಬೋಲ್ಟಿನ ತುದಿ ಹತ್ತಿರದಿಂದ.]

ಎಣ್ಣೆ ಇಳಿಸುವ ಮುಂಚೆ ಗಾಡಿ ಸ್ವಲ್ಪ ಓಡಿಸಿ. ಬೆಚ್ಚಗಿದ್ದರೆ ಕೆಸರೂ ಜೊತೆಗೇ ಬರುತ್ತದೆ. ಇನ್ನೂ ಒಂದು: ತುಂಬುವ ಬೋಲ್ಟ್ ಮೊದಲು ಬಿಚ್ಚಿ ನೋಡಿ, ಆಮೇಲೆ ಡ್ರೈನ್. ಎಲ್ಲಾ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಅವತ್ತಿನ ಕೆಲಸ ಕೆಟ್ಟಿತು.

ಬಂದ ಎಣ್ಣೆಯನ್ನು ಬೆರಳ ನಡುವೆ ಉಜ್ಜಿ. ನುಣ್ಣನೆಯ ಬೂದು ಪುಡಿ ಇದ್ದರೆ ಸಹಜ ಸವೆತ. ಉಗುರಿಗೆ ಸಿಗುವ ಚೂರು ಇದ್ದರೆ ಯಾವ ಎಣ್ಣೆಯೂ ಉಪಕಾರ ಮಾಡದು, ಬಾಕ್ಸ್ ಬಿಚ್ಚಬೇಕು. ಹಳದಿ ಮಿನುಗು ಕಂಡರೆ ಕಂಚು ಸವೆಯುತ್ತಿದೆ. ನೀರಿನ ಅನುಮಾನ ಇದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಚಟಪಟ ಅಂದರೆ ನೀರಿದೆ.

ಹಿಂದಿನ ಮಾಲೀಕರು ಏನು ಹಾಕಿದ್ದರೋ ಗೊತ್ತಿಲ್ಲದಿದ್ದರೆ ಅದರ ಮೇಲೇ ಹೊಸದು ಸುರಿಯಬೇಡಿ. ಪೂರ್ತಿ ಇಳಿಸಿ, ಸರಿಯಾದ ಎಣ್ಣೆ ತುಂಬಿ, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಇಳಿಸಿ. ಮೂಲೆಯಲ್ಲಿ ಉಳಿದ ಹಳೆಯದು ಎರಡನೇ ಸಲಕ್ಕೆ ಬಹುಪಾಲು ಹೋಗುತ್ತದೆ. ಹೈಡ್ರೋದಲ್ಲಿ ಫಿಲ್ಟರ್ ಇದ್ದರೆ ಎರಡೂ ಸಲ ಬದಲಾಯಿಸಿ.

ಕೊನೆಗೆ ಹೈಡ್ರೋದವರಿಗೆ ಮಾತ್ರ. ತುಂಬಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನ ಚಕ್ರ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಂಜಿನ್ ನಿಧಾನಗತಿಯಲ್ಲಿ ಇರಲಿ. ಲಿವರನ್ನು ಮೆಲ್ಲಗೆ ಮುಂದೆ, ಹಿಂದೆ, ಮುಂದೆ, ಹಿಂದೆ. ಮೊದಲು ಚಕ್ರ ಜಗ್ಗಿ ಜಗ್ಗಿ ತಿರುಗುತ್ತದೆ, ಆಮೇಲೆ ಒಂದೇ ಸಮ ಆಗುತ್ತದೆ. ಇಂಜಿನ್ ಆರಿಸಿ, ಎಣ್ಣೆಯ ಮಟ್ಟ ಮತ್ತೆ ನೋಡಿ. ಇಳಿದೇ ಇರುತ್ತದೆ, ಅದಕ್ಕೇ ಡಬ್ಬದಲ್ಲಿ ಸ್ವಲ್ಪ ಉಳಿಸಿಕೊಂಡಿರಿ.