ಟೊಪ್ಪಿ ಮರದ್ದು, ಕಾಯಿ ಉಣ್ಣೆಯದು

ಎಲ್ಲರಿಗೂ ನಮಸ್ಕಾರ. ಗೊಂಬೆ ಕೂರಿಸುವ ಗಡಿಬಿಡಿಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಮಿಷಿಗನ್‌ನಲ್ಲಿ ಈಗ ಓಕ್ ಮರದ ಕೆಳಗೆ ಕಾರು ನಿಲ್ಲಿಸಿದರೆ ಟಪಟಪ ಅಂತ ಕಾಯಿ ಬೀಳುತ್ತವೆ. ಮಕ್ಕಳು ಜೇಬು ತುಂಬಿಸಿಕೊಂಡು ಬರುತ್ತಾರೆ. ಜೊತೆಗೆ ಕೆಂಪು ಮೇಪಲ್ ಎಲೆ, ಪೈನ್ ಮರದ ಕಾಯಿ. ಇವುಗಳಿಂದ ಓಲೆ, ಸರ, ಬ್ರೋಚ್ ಮಾಡೋಣ ಅಂತ ಯಾರಿಗಾದರೂ ಆಸೆಯಾಗುತ್ತದೆ. ನನ್ನದು ಒಂದೇ ಮಾತು. ಒಣಗಿದ ಮೇಲೂ ಚೆನ್ನಾಗಿ ಉಳಿಯುವ ಭಾಗವನ್ನು ಮಾತ್ರ ಮರದಿಂದ ತೆಗೆದುಕೊಳ್ಳಿ. ಮಿಕ್ಕಿದ್ದನ್ನು ಉಣ್ಣೆಯಲ್ಲಿ ಮಾಡಿ.

ಎಲೆಯನ್ನೇ ನೋಡಿ. ಪುಸ್ತಕದಲ್ಲಿ ಒತ್ತಿಟ್ಟರೆ ಬಣ್ಣ ಸ್ವಲ್ಪ ಕಾಲ ಇರುತ್ತದೆ, ಆದರೆ ಕೋಟಿನ ಮೇಲೆ ಸಿಕ್ಕಿಸಿದರೆ ಮೊದಲ ಅಪ್ಪುಗೆಗೇ ಪುಡಿ. ಗ್ಲಿಸರಿನ್ ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಬಣ್ಣ ಮಾತ್ರ ಮಂಕು. ಅದಕ್ಕೇ ನಾನು ನಿಜವಾದ ಎಲೆಯನ್ನು ಅಚ್ಚಾಗಿ ಇಟ್ಟುಕೊಂಡು ಫೆಲ್ಟ್, ಅಂದರೆ ಉಣ್ಣೆಯ ಎಳೆಗಳನ್ನು ಒತ್ತಿ ಬಿಗಿಮಾಡಿದ ಹಾಳೆ, ಕತ್ತರಿಸುತ್ತೇನೆ. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಹಾಗಾಗಿ ಅಂಚಿನಲ್ಲಿ ದಾರ ಬಿಚ್ಚುವುದಿಲ್ಲ, ಮಡಿಚಿ ಹೊಲಿಯುವ ಕೆಲಸವಿಲ್ಲ. ಒಂದೇ ಕೆಂಪು ಹಾಕಬೇಡಿ. ಎಲೆಯ ಹಳದಿ ಬೇಸಿಗೆಯಲ್ಲೂ ಇರುತ್ತದೆ, ಹಸಿರಿನ ಕೆಳಗೆ ಅಡಗಿರುತ್ತದೆ ಅಷ್ಟೇ. ಹಸಿರು ಹೋದಾಗ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ. ಅದನ್ನು ಎಲೆ ಈ ದಿನಗಳಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಎಷ್ಟೋ ಎಲೆಗಳಲ್ಲಿ ನರದ ಪಕ್ಕ ಹಸಿರು ಕೊನೆಯವರೆಗೂ ಉಳಿದಿರುತ್ತದೆ. ಆ ನರಗಳನ್ನು ಹಸಿರು ದಾರದಲ್ಲಿ ಹೊಲಿದರೆ ಎಲೆಗೆ ಜೀವ ಬರುತ್ತದೆ.

ಇನ್ನು ಓಕ್ ಕಾಯಿ. ಅದರ ತಲೆಯ ಮೇಲೆ ಒಂದು ಪುಟ್ಟ ಟೊಪ್ಪಿ ಇರುತ್ತದೆ. ಬೇಸಿಗೆಯಲ್ಲೇ ಒಂದು ಸಣ್ಣ ದುಂಬಿ ತನ್ನ ಉದ್ದ ಮೂತಿಯಿಂದ ಎಳೆಗಾಯಿ ಕೊರೆದು ಒಳಗೆ ಮೊಟ್ಟೆ ಇಟ್ಟಿರುತ್ತದೆ. ಹುಳು ತಿರುಳು ತಿಂದು ಬೆಳೆದು, ಕಾಯಿ ನೆಲಕ್ಕೆ ಬಿದ್ದ ಮೇಲೆ ದುಂಡಗೆ ತೂತು ಮಾಡಿಕೊಂಡು ಹೊರಬರುತ್ತದೆ. ನಿಮ್ಮ ಪೆಂಡೆಂಟ್‌ನಿಂದ ಹೊರಬಂದರೆ ಹೇಗಿರುತ್ತೆ ಹೇಳಿ! ಹುಳು ಇಲ್ಲದಿದ್ದರೂ ಕಾಯಿ ಒಣಗುತ್ತಾ ಕುಗ್ಗಿ ಟೊಪ್ಪಿಯಿಂದ ಕಳಚಿಕೊಳ್ಳುತ್ತದೆ. ಟೊಪ್ಪಿ ಮಾತ್ರ ಗಟ್ಟಿ, ಹಗುರ, ವರ್ಷಗಟ್ಟಲೆ ಬರುತ್ತದೆ. ಆದ್ದರಿಂದ ಟೊಪ್ಪಿ ಮರದ್ದಿರಲಿ, ಕಾಯಿ ಉಣ್ಣೆಯದಾಗಲಿ.

ಟೊಪ್ಪಿಗಳಲ್ಲೂ ಜಾತಿ ಇದೆ. ರೆಡ್ ಓಕ್‌ನದು ತಟ್ಟೆಯ ಹಾಗೆ ಚಪ್ಪಟೆ, ಕಾಯಿಯ ಬದಲು ಇಡುವ ಉಣ್ಣೆಯ ಉಂಡೆ ನಿಲ್ಲುವುದಿಲ್ಲ. ಬರ್ ಓಕ್‌ನದು ದೊಡ್ಡದು, ಸುತ್ತ ಕುಚ್ಚು ಬೇರೆ. ಕುತ್ತಿಗೆಗೆ ಭರ್ಜರಿ, ಕಿವಿಗೆ ಜಾಸ್ತಿಯಾಯಿತು. ವೈಟ್ ಓಕ್‌ನ ಬಟ್ಟಲಿನಂಥ ಟೊಪ್ಪಿ ಓಲೆಗೆ ಸರಿಯಾದ ಅಳತೆ. ಆಯ್ದು ತಂದದ್ದನ್ನು ತಟ್ಟೆಯಲ್ಲಿ ಹರವಿ, ಹುಳು, ತೇವ ಉಳಿಯದಂತೆ ಓವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮುಕ್ಕಾಲು ಗಂಟೆ ಇಡಿ. ಪಕ್ಕದಲ್ಲೇ ಇರಿ, ಮರೆತು ಫೋನು ಹಿಡಿಯಬೇಡಿ.

ಉಣ್ಣೆಯ ಸ್ವೆಟರ್ ವಾಷಿಂಗ್ ಮಷಿನ್‌ಗೆ ಹೋಗಿ ಮಗುವಿನ ಅಂಗಿಯಾಗಿ ಹೊರಬಂದದ್ದು ನಿಮ್ಮ ಮನೆಯಲ್ಲೂ ಆಗಿರುತ್ತದೆ, ಅಲ್ವಾ? ಫೆಲ್ಟ್ ಅಂದರೆ ಅದೇ. ಉಣ್ಣೆಯ ಎಳೆಯ ಮೈಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿ ನೀರು, ಸೋಪು, ಉಜ್ಜುವಿಕೆ ಸೇರಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಅಕ್ರಿಲಿಕ್ ನೂಲಿಗೆ ಈ ಪೊರೆ ಇಲ್ಲ. ಸೂಪರ್‌ವಾಶ್ ಅಂತ ಬರೆದ ಉಣ್ಣೆಯಲ್ಲಿ ಪೊರೆಯನ್ನು ನಯ ಮಾಡಿರುತ್ತಾರೆ. ಎರಡೂ ಉಂಡೆಯಾಗುವುದಿಲ್ಲ, ಲೇಬಲ್ ಓದಿ ಕೊಳ್ಳಿ.

ಈಗ ಕೈಗೆ ಬನ್ನಿ. ನೂಲು ಮಾಡದ ಮೆರಿನೊ ಕುರಿಯ ಮೆತ್ತನೆಯ ಉಣ್ಣೆಯನ್ನು ಕತ್ತರಿಸದೆ ಎಳೆದು ಬಿಡಿಸಿಕೊಳ್ಳಿ. ಸಡಿಲವಾಗಿ ಸುತ್ತಿ, ಕೈ ತಡೆಯುವಷ್ಟು ಬಿಸಿಯ ಸೋಪು ನೀರಿನಲ್ಲಿ ಅದ್ದಿ. ಮೊದಲು ಬೇಸನ್ ಲಾಡು ಕಟ್ಟಿದ ಹಾಗೆ ಒತ್ತಬೇಡಿ! ಈಗಲೇ ಒತ್ತಿದರೆ ಮಡಿಕೆ ಬಿದ್ದು ಆ ಗೆರೆ ಆಮೇಲೆ ಹೋಗುವುದೇ ಇಲ್ಲ. ಅಂಗೈಯಲ್ಲಿ ಸುಮ್ನೆ ತೇಲಿಸುತ್ತಾ ಉರುಳಿಸಿ. ಮೇಲ್ಮೈ ಚರ್ಮ ಕಟ್ಟಿದಂತಾದ ಮೇಲೆ ಸ್ವಲ್ಪ ಸ್ವಲ್ಪ ಒತ್ತಡ ಹೆಚ್ಚಿಸಿ. ಉಂಡೆ ಚಿಕ್ಕದಾಗುತ್ತಾ ಗಟ್ಟಿಯಾಗುವುದು ಕೈಗೇ ಗೊತ್ತಾಗುತ್ತದೆ. ಟೊಪ್ಪಿಯ ಬಾಯಿಗಿಂತ ಒಂದು ಚೂರು ದಪ್ಪ ಇದ್ದರೆ ಬಿಗಿಯಾಗಿ ಕೂರುತ್ತದೆ. ಸೋಪು ಹೋಗುವ ತನಕ ತೊಳೆಯಿರಿ.

ತೊಟ್ಟಿಗೆ ದಾರ ಕಟ್ಟಿ ನೇತುಹಾಕುವವರಿದ್ದಾರೆ. ತೊಟ್ಟು ಮುರಿಯುತ್ತದೆ. ಅದರ ಪಕ್ಕದಲ್ಲಿ ಸಣ್ಣ ಕೈ ಡ್ರಿಲ್‌ನಿಂದ ತೂತು ಮಾಡಿ, ದಾರ ತೂರಿಸಿ ಒಳಗಡೆ ಗಂಟು ಹಾಕಿ. ಆಮೇಲೆ ಉಂಡೆ ಅಂಟಿಸಿದರೆ ಗಂಟು ಕಾಣುವುದೇ ಇಲ್ಲ. ಹಾಟ್ ಗ್ಲೂ ಇಲ್ಲಿನ ಚಳಿಗೆ ಪೆಡಸಾಗಿ ಕಿತ್ತು ಬರುತ್ತದೆ. ಬಿಳಿ ಕ್ರಾಫ್ಟ್ ಅಂಟೇ ಸಾಕು.

ಊರಿಂದ ಗುಲಗಂಜಿ ತಂದಿದ್ದೇನೆ, ಮಧ್ಯೆ ಪೋಣಿಸಲೇ ಅಂತ ಬೆಳಗ್ಗೆ ಒಬ್ಬರು ಕೇಳಿದರು. ಬೇಡ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ, ನೋಡಲು ಚೆಂದ, ಎಲ್ಲ ಸರಿ. ಆದರೆ ಅದರೊಳಗೆ ಅಬ್ರಿನ್ ಅನ್ನುವ ಭಯಂಕರ ವಿಷವಿದೆ. ತೂತು ಮಾಡಿದರೆ ಸಿಪ್ಪೆಯ ಕಾವಲೇ ಹೋಯಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಅದರ ಸುದ್ದಿಯೇ ಬೇಡ. ಕೆಂಪು ಉಣ್ಣೆಯ ಉಂಡೆಯ ಮೇಲೆ ಕಪ್ಪು ಉಣ್ಣೆಯ ಚುಕ್ಕಿ ಇಟ್ಟು ಫೆಲ್ಟ್ ಸೂಜಿಯಿಂದ ಚುಚ್ಚಿ, ಅದೇ ಗುಲಗಂಜಿ. ಈ ಸೂಜಿಯ ಮೈಗೆ ಸಣ್ಣ ಕಚ್ಚುಗಳಿವೆ, ಎಳೆಯನ್ನು ಒಳಗೆ ತಳ್ಳುತ್ತವೆ. ನೆಟ್ಟಗೆ ಚುಚ್ಚಿ, ನೆಟ್ಟಗೆ ತೆಗೆಯಿರಿ. ಓರೆಯಾದರೆ ಸೂಜಿ ಮುರಿಯುತ್ತದೆ. ಕೆಳಗೆ ಸ್ಪಂಜು ಇರಲಿ, ಸೂಜಿ ದೊಡ್ಡವರ ಕೈಯಲ್ಲೇ ಇರಲಿ.

ನಮ್ಮ ಕುರುಬರ ಕಂಬಳಿಯ ತುಂಡು ಬಳಸಬಹುದಾ? ಬಳಸಿ. ಅದರಲ್ಲಿರುವ ದಖನಿ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ, ಕೋಟಿನ ಬ್ರೋಚ್‌ಗೆ ಹಿಂಬದಿಯಾಗಿ ಹೇಳಿ ಮಾಡಿಸಿದ್ದು. ಕಂಬಳಿ ನೇಯ್ದದ್ದು ನೋಡಿ, ಅಂಚು ಹೊಲಿಯಲೇಬೇಕು.

ಬಿಸಿ ನೀರಿನ ಫ್ಲಾಸ್ಕ್ ಕಿಟಕಿ ಪಕ್ಕದ ಮೇಜಿನ ಮೇಲಿದೆ. ಉಂಡೆ ಇವತ್ತು ಮಾಡಿ, ಅಂಟಿಸುವುದು ಬೇಡ. ಒಳಗಿನ ತೇವ ಆರಲು ಒಂದೆರಡು ದಿನ ಬೇಕು. ಟೊಪ್ಪಿ, ದಾರ ಎಲ್ಲ ಕವರಿನಲ್ಲಿ ಹಾಕಿ ಕೊಡುತ್ತೇನೆ, ಮನೆಯಲ್ಲಿ ಅಂಟಿಸಿಕೊಳ್ಳಿ.