ದಾಖಲೆ ಸಾಕು, ಫೋಟಾನ್ ಕೊಡಿ

ನಮಸ್ಕಾರ. 2023ರಲ್ಲಿ ಭೌತಶಾಸ್ತ್ರದ ನೊಬೆಲ್ ಘೋಷಣೆಯಾದಾಗ ಎಲ್ಲರ ಬಾಯಲ್ಲೂ ಒಂದೇ ಪದ, ಅಟ್ಟೊಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ಮತ್ತೆ ನೂರು ಕೋಟಿ ಚೂರು ಮಾಡಿದರೆ ಸಿಗುವ ಹೊತ್ತು ಅದು. ಆಮೇಲೆ ಈ ಕ್ಷೇತ್ರದ ಸುದ್ದಿ ಬಂದಾಗಲೆಲ್ಲ ಕೇಳುವುದು ಒಂದೇ: ಯಾರ ಪಲ್ಸ್, ಅಂದರೆ ಬೆಳಕಿನ ಮಿಂಚು, ಎಷ್ಟು ಚಿಕ್ಕದು? ಈ ಪೈಪೋಟಿಗೆ ಸಿಗುವ ಗಮನ ಜಾಸ್ತಿಯಾಯಿತು ಅಂತಲೇ ನಾನು ಹೇಳುವುದು.

ಮೊದಲು ಪಲ್ಸ್ ಹುಟ್ಟುವ ಬಗೆ ನೋಡಿ, ಅದು ನಿಜಕ್ಕೂ ಸೊಗಸು. ನಿರ್ವಾತದ ಕೊಠಡಿಯೊಳಗೆ ಸಣ್ಣ ತೂತಿನಿಂದ ಆರ್ಗಾನ್ ಅನಿಲ ಚಿಮ್ಮುತ್ತಿರುತ್ತದೆ. ಅದರ ಮೇಲೆ ಬಲವಾದ ಲೇಸರ್ ಬೆಳಕನ್ನು ಒಂದೇ ಚುಕ್ಕೆಗೆ ಕೂಡಿಸುತ್ತಾರೆ. ಬೆಳಕಿನ ವಿದ್ಯುತ್ ಕ್ಷೇತ್ರ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ದೂರಕ್ಕೆ ಎಳೆಯುತ್ತದೆ, ಅಷ್ಟರಲ್ಲಿ ಕ್ಷೇತ್ರದ ದಿಕ್ಕೇ ತಿರುಗುತ್ತದೆ, ಎಲೆಕ್ಟ್ರಾನ್ ಬಂದ ದಾರಿಯಲ್ಲೇ ವಾಪಸ್ ಓಡಿ ತನ್ನ ಪರಮಾಣುವಿಗೇ ಬಡಿಯುತ್ತದೆ. ಆಗ ಅದರಲ್ಲಿದ್ದ ಶಕ್ತಿಯೆಲ್ಲ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಆಗಿ ಹೊರಗೆ ಬರುತ್ತದೆ. ಈ ವಿವರಣೆಯನ್ನು 1993ರಲ್ಲಿ ಕೊಟ್ಟವರಲ್ಲಿ ಕೆನಡಾದ ಪಾಲ್ ಕಾರ್ಕಮ್ ಒಬ್ಬರು. 2001ರಲ್ಲಿ ಪಿಯರ್ ಅಗೊಸ್ಟಿನಿ ತಂಡ 250 ಅಟ್ಟೊಸೆಕೆಂಡಿನ ಪಲ್ಸುಗಳ ಸಾಲನ್ನೂ, ವಿಯೆನ್ನಾದಲ್ಲಿ ಫೆರೆಂಕ್ ಕ್ರಾಸ್ ತಂಡ 650 ಅಟ್ಟೊಸೆಕೆಂಡಿನ ಒಂಟಿ ಪಲ್ಸನ್ನೂ ಅಳೆದು ತೋರಿಸಿದವು. 2017ರಲ್ಲಿ ಜ್ಯೂರಿಕ್‌ನಲ್ಲಿ ಅದು 43ಕ್ಕೆ ಇಳಿಯಿತು.

ಇಳಿಯಲಿ, ಸಂತೋಷ. ಆದರೆ ಬೆಳಕು ಎಷ್ಟು ಬಂತು? ಹಾಕಿದ ಲೇಸರ್ ಶಕ್ತಿಯಲ್ಲಿ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಪಾಲು ಸಿಕ್ಕರೆ ಅದೇ ದೊಡ್ಡದು. ಎಕ್ಸ್-ರೇ ಕಡೆಗೆ ಹೋದಷ್ಟೂ ಅದಕ್ಕಿಂತ ಕಡಿಮೆ. ಇದರಿಂದ ಏನು ತೊಂದರೆ ಅಂದರೆ, ಎಲೆಕ್ಟ್ರಾನಿನ ಚಲನೆ ನೋಡಲು ಎರಡು ಪಲ್ಸ್ ಬೇಕು, ಒಂದು ಕೆದಕಲು, ಇನ್ನೊಂದು ನೋಡಲು. ಎರಡೂ ಅಟ್ಟೊಸೆಕೆಂಡ್ ಪಲ್ಸುಗಳೇ ಆಗುವಷ್ಟು ಬೆಳಕು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಎರಡನೆಯದಕ್ಕೆ ಮೂಲ ಲೇಸರನ್ನೇ ಬಳಸುತ್ತಾರೆ, ಅದು ನಾವು ನೋಡಬೇಕಾದ ಎಲೆಕ್ಟ್ರಾನನ್ನೇ ಹಿಡಿದು ಅಲ್ಲಾಡಿಸುತ್ತದೆ!

ನಿಯಾನ್ ಕಥೆ ಕೇಳಿ. 2010ರಲ್ಲಿ ಕ್ರಾಸ್ ತಂಡ ಹೇಳಿತು, ನಿಯಾನಿನ ಎರಡು ಕಕ್ಷೆಗಳಿಂದ ಎಲೆಕ್ಟ್ರಾನ್ ಹೊರಬೀಳುವುದರಲ್ಲಿ 21 ಅಟ್ಟೊಸೆಕೆಂಡ್ ವ್ಯತ್ಯಾಸ ಇದೆ ಅಂತ. ಸಿದ್ಧಾಂತದ ಲೆಕ್ಕ ಅದರ ಹತ್ತಿರಕ್ಕೂ ಬರಲಿಲ್ಲ. ವರ್ಷಗಟ್ಟಲೆ ತಲೆಕೆಡಿಸಿಕೊಂಡರು. 2017ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಆನ್ ಲ್ಹುಯಿಲಿಯೆ ತಂಡ ಗಂಟು ಬಿಡಿಸಿತು: ಒಂದು ಎಲೆಕ್ಟ್ರಾನ್ ಹೊರಗೆ ಹೋಗುವಾಗ ಇನ್ನೊಂದು ಒಳಗೇ ಮೇಲಿನ ಮಟ್ಟಕ್ಕೆ ಜಿಗಿಯುವ ಬೇರೆ ಕ್ರಿಯೆಯೊಂದು ಹಳೆಯ ಅಳತೆಯಲ್ಲಿ ಬೆರೆತುಹೋಗಿರಬೇಕು ಅಂತ. ಅವರು ಅದನ್ನು ಕಂಡದ್ದು ಪಲ್ಸನ್ನು ಇನ್ನೂ ಕುಗ್ಗಿಸಿ ಅಲ್ಲ. ಶಕ್ತಿಯ ಮಟ್ಟಗಳನ್ನು ಇನ್ನೂ ಸ್ಪಷ್ಟವಾಗಿ ಬೇರ್ಪಡಿಸಿ. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಎಕ್ಸ್-ರೇ ಕಡೆಗೆ ಹೋದಷ್ಟೂ ಬೆಳಕು ಕಡಿಮೆ ಅಂದೆನಲ್ಲ. ಹಾಗಾದರೆ ಎಕ್ಸ್-ರೇ ಹೇಗೆ ತರುವುದು? ಲೇಸರಿನ ತರಂಗ ಉದ್ದ ಮಾಡಬೇಕು. ವಿಚಿತ್ರ ಅನಿಸುತ್ತದೆ, ಅಲ್ವಾ? ತರಂಗ ಉದ್ದವಾದರೆ ಎಲೆಕ್ಟ್ರಾನಿಗೆ ಓಡಲು ಹೊತ್ತು ಜಾಸ್ತಿ, ಫಾಸ್ಟ್ ಬೌಲರ್‌ಗೆ ರನ್-ಅಪ್ ಉದ್ದ ಸಿಕ್ಕಂತೆ, ಬಡಿಯುವಾಗ ವೇಗವೂ ಜಾಸ್ತಿ. ಆದರೆ ಅಷ್ಟು ಹೊತ್ತಿನಲ್ಲಿ ಎಲೆಕ್ಟ್ರಾನಿನ ಅಲೆ ಹರಡಿಕೊಂಡು ಗುರಿ ತಪ್ಪುವುದೇ ಹೆಚ್ಚು. ತರಂಗ ಐದು ಪಟ್ಟು ಉದ್ದವಾದರೆ ಒಂದು ಪರಮಾಣುವಿನಿಂದ ಸಿಗುವ ಬೆಳಕು ಸಾವಿರಾರು ಪಟ್ಟು ಇಳಿಯುತ್ತದೆ. 2012ರಲ್ಲಿ ಮಾರ್ಗರೆಟ್ ಮರ್ನೇನ್ ಮತ್ತು ಹೆನ್ರಿ ಕ್ಯಾಪ್ಟೀನ್ ತಂಡ 3.9 ಮೈಕ್ರಾನ್ ಉದ್ದದ ತರಂಗದ ಲೇಸರಿಗೆ ಭಾರಿ ಒತ್ತಡದ ಹೀಲಿಯಂ ಒಡ್ಡಿ, ಲಕ್ಷಾಂತರ ಪರಮಾಣುಗಳ ಬೆಳಕು ಒಂದೇ ಲಯದಲ್ಲಿ ಕೂಡುವಂತೆ ಮಾಡಿ, ಎಕ್ಸ್-ರೇ ಮಟ್ಟದ ಫೋಟಾನ್ ಶಕ್ತಿಯಾದ 1.6 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮುಟ್ಟಿತು. ನನಗೆ ಇದು ಆ 43 ಅಟ್ಟೊಸೆಕೆಂಡಿನ ದಾಖಲೆಗಿಂತ ದೊಡ್ಡ ಸಾಧನೆ.

ಸ್ಟ್ಯಾನ್‌ಫರ್ಡ್‌ನ ಕಿಲೋಮೀಟರ್ ಉದ್ದದ ಎಲೆಕ್ಟ್ರಾನ್ ವೇಗವರ್ಧಕ ಯಂತ್ರದಲ್ಲಿ ಅಟ್ಟೊಸೆಕೆಂಡ್ ಎಕ್ಸ್-ರೇ ತುಂಬಾ ಪ್ರಖರವಾಗಿ ಬರುತ್ತದೆ, ನಿಜ. ಆದರೆ ಅಲ್ಲಿ ಸಮಯ ಸಿಗಬೇಕೆಂದರೆ ಸರದಿ ಕಾಯಬೇಕು. ಮೇಜಿನ ಮೇಲಿನ ಲೇಸರ್ ಆದರೆ ಸಂಶೋಧಕರ ಕೈಯಲ್ಲೇ ಇರುತ್ತದೆ. ಹಂಗೇರಿಯ ಸೆಗೆಡ್‌ನಲ್ಲಿ ಸೆಕೆಂಡಿಗೆ 1 ಲಕ್ಷ ಪಲ್ಸ್ ಹೊಡೆಯುವ ಲೇಸರ್ ಇಟ್ಟಿದ್ದಾರೆ. ಸಾವಿರ ಹೊಡೆಯುವ ಲೇಸರಿಗೆ ನೂರು ಗಂಟೆ ಹಿಡಿಯುವ ಅಳತೆ, ಒಂದೊಂದು ಪಲ್ಸಿನ ಬಲ ಕುಗ್ಗದಿದ್ದರೆ, ಇಲ್ಲಿ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಹಣ ಸುರಿಯಬೇಕಾದ್ದು ಇಂಥದ್ದಕ್ಕೆ.