ಬಿಚ್ಚುವ ಮೊದಲು ಕಿವಿ ಕೊಡಿ: ಹಳೇ ಯೆಜ್ಡಿಯ ಇಂಜಿನ್ ಸದ್ದುಗಳು

ಎಲ್ಲರಿಗೂ ನಮಸ್ಕಾರ. ಇಷ್ಟು ಜನ ನಿಮ್ಮ ನಿಮ್ಮ ಹಳೇ ಜಾವಾ, ಯೆಜ್ಡಿ ಬೈಕಿನಲ್ಲೇ ಬಂದಿದ್ದೀರಿ, ಬಹಳ ಸಂತೋಷ. ನಾನು ಗೇಟಿನ ಪಕ್ಕದಲ್ಲೇ ನಿಂತು ಒಂದೊಂದು ಗಾಡಿ ಒಳಗೆ ಬರುವುದನ್ನೂ ಕೇಳಿಸಿಕೊಳ್ಳುತ್ತಿದ್ದೆ. ಎರಡು ಗಾಡಿಗಳ ಬಗ್ಗೆ ಆಮೇಲೆ ಮಾತಾಡೋಣ.

ವಾರಕ್ಕೊಬ್ಬರಾದರೂ ನನ್ನ ಹತ್ತಿರ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಈ ಸದ್ದು ಕೇಳಿ, ಇಂಜಿನ್ ಹೋಯ್ತಾ?" ಎಂದು ರೆಕಾರ್ಡಿಂಗ್ ಹಾಕುತ್ತಾರೆ. ಮೊಬೈಲಿನಲ್ಲಿ ಎಲ್ಲ ಸದ್ದೂ ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೇ ಕೇಳುತ್ತದೆ. ಅದಕ್ಕೇ ನಾನು ಅವರನ್ನು ಬೇರೆ ಏನೋ ಕೇಳುತ್ತೇನೆ. ಸದ್ದು ಬರುವುದು ಯಾವಾಗ, ಹೋಗುವುದು ಯಾವಾಗ? ಗಾಡಿ ತಣ್ಣಗಿದ್ದಾಗಲೋ, ಕಾದ ಮೇಲೋ? ಚಾಮುಂಡಿ ಬೆಟ್ಟ ಹತ್ತುವಾಗಲೋ, ಇಳಿಯುವಾಗಲೋ? ಕ್ಲಚ್ ಹಿಡಿದರೆ ಬದಲಾಗುತ್ತದೆಯೋ? ಸದ್ದು ಹೇಗಿದೆ ಎನ್ನುವುದಕ್ಕಿಂತ ಈ ಉತ್ತರಗಳಿಂದಲೇ ನನಗೆ ಹೆಚ್ಚು ತಿಳಿಯುತ್ತದೆ.

ನಮ್ಮ ಗಾಡಿಗಳು 1961ರಿಂದ 1996ರವರೆಗೆ ಇದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. ಮೊದಲು ಜಾವಾ, 1973ರಿಂದ ಯೆಜ್ಡಿ. ನಮ್ಮ 250 ಸಿಸಿ ಗಾಡಿಗೆ 65 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ; 75 ಮಿಲಿಮೀಟರ್ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ; ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ವಾಲ್ವನ್ನು ಒತ್ತುವ ಟ್ಯಾಪೆಟ್ ಇಲ್ಲ. ಬುಲೆಟ್‌ನವರು ಟಕಟಕ ಅಂದ ಕೂಡಲೇ ಟ್ಯಾಪೆಟ್ ನೋಡಬೇಕು, ಸರಿ. ನಮ್ಮ ಗಾಡಿಯಲ್ಲಿ ಆ ಜಾಗವೇ ಇಲ್ಲ. ಹುಡುಕಬೇಕಾದ ಜಾಗಗಳು ಕಡಿಮೆ, ಅದು ನಮ್ಮ ಪುಣ್ಯ.

ಮೊದಲು, ಹೆದರಬೇಕಿಲ್ಲದ ಸದ್ದುಗಳು. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಪಟ್... ಪಟ್ ಎಂದು ಬಿಟ್ಟು ಬಿಟ್ಟು ಉರಿಯುವುದು ಟೂ ಸ್ಟ್ರೋಕಿನ ಗುಣ. ಬೆಳಿಗ್ಗೆ ಮೊದಲ ಕಿಕ್ಕಿಗೆ ಲೊಡಲೊಡ ಎಂದು, ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅಡಗುವ ಸದ್ದು ಪಿಸ್ಟನ್ನಿನದು. ಅಲ್ಯೂಮಿನಿಯಂ ಪಿಸ್ಟನ್ ಬೀಡಿನ ಬೋರಿಗಿಂತ, ಅಂದರೆ ಸಿಲಿಂಡರಿಗಿಂತ, ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ ಸಂದು ಜಾಸ್ತಿ, ಪಿಸ್ಟನ್ ಆ ಗೋಡೆಗೂ ಈ ಗೋಡೆಗೂ ಬಡಿಯುತ್ತದೆ. ಕಾದ ಮೇಲೆ ಸದ್ದು ಅಡಗಿದರೆ ಸದ್ಯಕ್ಕೆ ಓಡಿಸಿ. ಕಾದ ಮೇಲೂ ಉಳಿದರೆ ಬೋರ್ ಅಳತೆ ಮಾಡಿಸುವ ಕಾಲ ಬಂತು.

ಈಗ ನಾನು ನಿಜವಾಗಿ ಹೆದರುವ ಸದ್ದು. ಅದು ಜೋರಾದ ಸದ್ದೇನಲ್ಲ, ಎಷ್ಟೋ ಜನಕ್ಕೆ ಕೇಳಿಸುವುದೇ ಇಲ್ಲ. ಏರಿನಲ್ಲಿ, ಮೂರನೇ ಗೇರಿನಲ್ಲಿ ಥ್ರಾಟಲ್ ತಿರುಗಿಸಿದಾಗ ಬಳೆ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಅನ್ನುತ್ತದೆ, ಥ್ರಾಟಲ್ ಇಳಿಸಿದರೆ ಮಾಯ. ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ಮೂಲೆ ಮುಟ್ಟುವ ಮೊದಲೇ ಅಲ್ಲಿನ ಪೆಟ್ರೋಲ್ ಗಾಳಿ ತಾನಾಗಿ ಸಿಡಿಯುವ ಸದ್ದು ಅದು. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನಿನ ತಲೆ ಕರಗುತ್ತದೆ, ಇಲ್ಲವೇ ಪಿಸ್ಟನ್ ಬೋರಿನಲ್ಲಿ ಸಿಕ್ಕಿಕೊಂಡು ಇಂಜಿನ್ ಹಿಡಿದುಕೊಳ್ಳುತ್ತದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಂದಕ್ಕೆ ಹೋಗಿರಬಹುದು, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿರಬಹುದು. ಆದರೆ ಹಳೇ ಯೆಜ್ಡಿಯಲ್ಲಿ ಜನ ಮರೆಯುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟಿನ, ಆಯಿಲ್ ಸೀಲನ್ನು. ಬಲಗಡೆ, ಡೈನಮೊ ಕಡೆಯ ಸೀಲ್ ಗಟ್ಟಿಯಾದರೆ ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಐಡಲಿಂಗ್ ತಾನಾಗಿ ಏರುತ್ತದೆ, ಪೆಟ್ರೋಲ್ ಸಾಲದೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ, ಕಿಣಿಕಿಣಿ ಶುರುವಾಗುತ್ತದೆ. ಎಡಗಡೆ, ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ಲನ್ನೇ ಎಳೆದುಕೊಂಡು ದಟ್ಟವಾಗಿ ಹೊಗೆ ಬಿಡುತ್ತದೆ, ಗೇರ್‌ಬಾಕ್ಸಿನ ಆಯಿಲ್ ಇಳಿಯುತ್ತಾ ಬರುತ್ತದೆ. ದಯವಿಟ್ಟು ಕಿಣಿಕಿಣಿ ಕೇಳಿದ ದಿನವೇ ಗಾಡಿ ನಿಲ್ಲಿಸಿ.

ಇನ್ನು ಕೆಳಗಿನಿಂದ ಬರುವ ಢಕ್ ಢಕ್. ಲೋಡ್ ಬಿದ್ದಾಗ ಜಾಸ್ತಿಯಾಗುವ, ಕಾಲಿನ ಪಾದಕ್ಕೂ ತಾಗುವ ದಪ್ಪ ಸದ್ದಾದರೆ ಬಿಗ್ ಎಂಡ್, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆ, ಅದರ ಮೇಲೆ ಅನುಮಾನ. ಸಣ್ಣಗೆ, ಬೋರಿನ ಬುಡದಿಂದ ಟಕ್ ಟಕ್ ಎಂದರೆ ರಾಡನ್ನು ಪಿಸ್ಟನ್ನಿಗೆ ಸೇರಿಸುವ ಗಜನ್ ಪಿನ್ನಿನ ಬುಶ್ ಇರಬಹುದು. ಇಂಜಿನ್ ಇಳಿಸದೆ ಪರೀಕ್ಷೆ ಮಾಡುವುದು ಹೀಗೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸೈಕಲ್ ಕಡ್ಡಿಯೊಂದನ್ನು ಪಿಸ್ಟನ್ ಮೇಲೆ ನಿಲ್ಲಿಸಿ ಬೆರಳಲ್ಲಿ ಹಿಡಿದುಕೊಳ್ಳಿ. ಬಲಗಡೆಯ ಮುಚ್ಚಳ ತೆಗೆದರೆ ಕ್ರ್ಯಾಂಕಿನ ತುದಿಯ ಬೋಲ್ಟ್ ಕಾಣುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ, ಪಿಸ್ಟನ್ ಅರ್ಧ ದಾರಿಯಲ್ಲಿರುವಾಗ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಕ್ರ್ಯಾಂಕ್ ಹೊರಟ ಕೂಡಲೇ ಕಡ್ಡಿಯೂ ಹೊರಡಬೇಕು. ಕ್ರ್ಯಾಂಕ್ ಚೂರು ತಿರುಗಿದ ಮೇಲೆ, ಟಿಕ್ ಎಂದು, ತಡವಾಗಿ ಕಡ್ಡಿ ಕದಲಿದರೆ ನಡುವೆ ಎಲ್ಲೋ ಸಂದು ಬಿದ್ದಿದೆ. ಆಗ ಬೋರ್ ಎತ್ತಿ ರಾಡನ್ನು ಕೈಯಲ್ಲಿ ನೋಡಬೇಕು. ರಾಡ್ ಪಕ್ಕಕ್ಕೆ ಅಲ್ಲಾಡುತ್ತದೆ, ಅಲ್ಲಾಡಲೇಬೇಕು. ಅದನ್ನೇ ತೋರಿಸಿ "ಕ್ರ್ಯಾಂಕ್ ಹೋಗಿದೆ" ಎನ್ನುವವರ ಮಾತು ನಂಬಬೇಡಿ. ನೇರವಾಗಿ ಮೇಲೆ ಕೆಳಗೆ ಎಳೆದು ಒತ್ತಿದಾಗ ಆಟ ಸಿಕ್ಕರೆ ಮಾತ್ರ ಬಿಗ್ ಎಂಡ್ ಸವೆದಿದೆ.

ಬಲಗಡೆಯ ಮುಚ್ಚಳ ತೆಗೆದಾಗಲೇ ಇನ್ನೊಂದು ನೋಡಿಬಿಡಿ. ಡೈನಮೊದ ತಿರುಗುವ ಭಾಗ, ಆರ್ಮೇಚರ್, ಕೂತಿರುವುದು ಕ್ರ್ಯಾಂಕಿನ ತುದಿಯಲ್ಲೇ. ಆ ಕಡೆಯ ಬೇರಿಂಗ್ ಸವೆದರೆ ತಿರುಗುವ ಆರ್ಮೇಚರ್ ಸುತ್ತಲಿನ ಕಬ್ಬಿಣಕ್ಕೆ ತಾಗಿ ಚರಚರ ಅನ್ನುತ್ತದೆ. ಟಾರ್ಚ್ ಬಿಟ್ಟು ನೋಡಿ, ಉಜ್ಜಿದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ. ಎಡಗಡೆಯಿಂದ ಐಡಲಿಂಗ್‌ನಲ್ಲಿ ಗರಗರ ಬಂದು, ಕ್ಲಚ್ ಹಿಡಿದಾಗ ಬದಲಾದರೆ ಕ್ಲಚ್ ಡ್ರಮ್ಮು, ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನುಗಳ ಕಡೆ ಹೋಗಿ.

ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸ ಕಲಿತ ಹೊಸದರಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಬಂತು. ಪಿಕಪ್ ಕೊಟ್ಟಾಗೆಲ್ಲ ಢಕ್ ಅನ್ನುತ್ತಿತ್ತು. ಬಿಗ್ ಎಂಡ್ ಎಂದೇ ತೀರ್ಮಾನ ಮಾಡಿ ಕ್ರ್ಯಾಂಕ್ ಇರುವ ಕೇಸನ್ನೇ ಬಿಚ್ಚಿದೆ. ಒಳಗೆ ಎಲ್ಲ ಹೊಸದರ ಹಾಗಿತ್ತು. ಹೊಸ ಸೀಲ್, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದೆ, ಸದ್ದು ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಇಂಜಿನ್ನನ್ನು ಚಾಸಿಗೆ ಹಿಡಿಯುವ ಹಿಂದಿನ ಬೋಲ್ಟ್. ನಟ್ ಬಿಗಿಯಾಗಿಯೇ ಇತ್ತು, ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಆ ಗಾಡಿಯವರು ನನಗೆ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಚುಚ್ಚುತ್ತದೆ. ಹೋದದ್ದು ಬರೀ ದುಡ್ಡಲ್ಲ. ಬೇರಿಂಗ್ ಹೊಡೆದು ತೆಗೆದು, ಮತ್ತೆ ಕೂರಿಸಿದಷ್ಟು ಸಲವೂ ಅಲ್ಯೂಮಿನಿಯಂ ಕೇಸಿನ ಆ ಕೂರುವ ಜಾಗ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಕಾರ್ಖಾನೆಯ ನಂಬರ್ ಹೊಡೆದ ಕೇಸ್ ಇನ್ನೊಂದು ಎಲ್ಲಿಂದ ತರುತ್ತೀರಿ? ಅವತ್ತಿನಿಂದ ನನ್ನ ಸ್ಪ್ಯಾನರ್ ಮೊದಲು ಹೋಗುವುದು ಹೊರಗಿನ ಬೋಲ್ಟುಗಳಿಗೆ, ಸೈಲೆನ್ಸರಿನ ರಿಂಗ್ ನಟ್ಟಿಗೆ, ಹೆಡ್ಡಿನ ನಟ್ಟುಗಳಿಗೆ. ಸಿಲಿಂಡರಿನ ಹೊರಗಿನ ತೆಳು ಫಿನ್ನುಗಳ ನಡುವೆ ಬೆರಳಿಟ್ಟಾಗ ಸದ್ದು ನಿಂತದ್ದೂ ಉಂಟು.

ಹೊರಗೆ ನೆರಳಲ್ಲಿ ಎರಡು ಗಾಡಿ ನಿಲ್ಲಿಸಿದ್ದೇನೆ, ನಾನು ಗೇಟಿನಲ್ಲಿ ಗುರುತು ಹಾಕಿಕೊಂಡವು. ಗಾಡಿಯವರ ಒಪ್ಪಿಗೆ ಕೇಳಿದ್ದೇನೆ. ಇಷ್ಟು ಹೊತ್ತಿಗೆ ತಣ್ಣಗಾಗಿರುತ್ತವೆ, ಸ್ಟಾರ್ಟ್ ಮಾಡಿ ಕೇಳೋಣ. ಒಬ್ಬೊಬ್ಬರಾಗಿ ಬಂದು, ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಮೊದಲು ಬೋರಿನ ಬುಡಕ್ಕೆ, ಆಮೇಲೆ ಎಡಗಡೆ, ಆಮೇಲೆ ಬಲಗಡೆ ಕೇಸಿಗೆ ಇಡಿ. ತೋಳಿನ ಬಟ್ಟೆ ಮಡಚಿಕೊಳ್ಳಿ, ಸೈಲೆನ್ಸರಿನಿಂದ ಮೊಣಕಾಲು ದೂರ ಇರಲಿ. ಕೇಳಿದ್ದನ್ನು ಪಕ್ಕದವರಿಗೆ ಹೇಳಬೇಡಿ, ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಿ. ಎಲ್ಲರದೂ ಆದ ಮೇಲೆ ಬಲಗಡೆಯ ಮುಚ್ಚಳ ತೆಗೆಯೋಣ.